ಮನೆಯ ಸಂಗೀತಕ್ಕೆ ಎಷ್ಟು ಹಣ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಇಂದಿನ ಗೃಹಸ್ಥನು ಇದಕ್ಕೆ ಮೂರನೆಯ ಮಾತೊಂದನ್ನು ಸೇರಿಸಬಹುದು: ಮನೆಯಲ್ಲಿ ಸಂಗೀತ ಕೇಳುವ ಸಲಕರಣೆಯನ್ನು ಕೊಂಡು ನೋಡು! ಮೊದಲಿನ ಎರಡರಂತೆ ಇದರಲ್ಲಿಯೂ ವೆಚ್ಚಕ್ಕೆ ತುದಿಯಿಲ್ಲ. ಅಂಗಡಿಕಾರನ ಮಾತು ಒಂದು, ನೆಂಟರ ಮಾತು ಇನ್ನೊಂದು, ಮನೆಯ ಲೆಕ್ಕದ ವಹಿಯ ಮಾತು ಬೇರೊಂದು.

ನಮ್ಮ ಭಾಗದಲ್ಲಿ ಸಂಗೀತವನ್ನು ಬರಿಯ ಶ್ರೀಮಂತರ ವಿಲಾಸವೆಂದು ಯಾರೂ ತಿಳಿದಿಲ್ಲ. ಮಲ್ಲಿಕಾರ್ಜುನ ಮನಸೂರರು 1910ರಲ್ಲಿ ಜನಿಸಿದ್ದು ಧಾರವಾಡದ ಬಳಿಯ ಮನಸೂರಿನಲ್ಲಿ. ಕುಮಾರ ಗಂಧರ್ವರು 1924ರಲ್ಲಿ ಜನಿಸಿದ್ದು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ಕಿತ್ತೂರು, ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಪಡಸಾಲೆಗಳಿಗೂ ಇಂಥವರ ಗಾಯನವು ಬಂದು ತಲುಪಿತು. ಆದ್ದರಿಂದ ನಮ್ಮಲ್ಲಿ ಇದು ಬಡಿವಾರದ ಪ್ರಶ್ನೆಯಲ್ಲ, ಮನೆತನದ ಪ್ರಶ್ನೆ.

ಬೈಲಹೊಂಗಲದ ಒಂದು ಸಂಸಾರವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ತಂದೆಗೆ ಎಪ್ಪತ್ತೆಂಟು ವರುಷ; ಹೊರಗೆ ಹೋಗಿ ಗಾಯನ ಕೇಳಿ ಬರುವ ತ್ರಾಣವು ಅವರಲ್ಲಿ ಉಳಿದಿಲ್ಲ. ಮನಸೂರರ ಧ್ವನಿಯನ್ನು ಮನೆಯಲ್ಲಿಯೇ ಮನದಣಿಯೆ ಕೇಳಬೇಕೆಂಬದು ಅವರ ಆಸೆ. ಮಗನು ಹತ್ತಿ ಮಾರಿ ಬಂದ ಹಣದಲ್ಲಿ 50,000 ರೂಪಾಯಿಗಳನ್ನು ತೆಗೆದಿರಿಸಿದ್ದಾನೆ. ಅಂಗಡಿಯವನು “ಅಷ್ಟನ್ನೂ ಆಂಪ್ಲಿಫಾಯರಿಗೇ ಹಾಕಿರಿ, ಸ್ಪೀಕರುಗಳನ್ನು ಕಂತಿನ ಮೇಲೆ ಒಯ್ಯಿರಿ” ಎನ್ನುತ್ತಾನೆ. “ಮಾವನವರ ಆಸೆಗೆ ನಾನು ಅಡ್ಡ ಬರುವವಳಲ್ಲ, ಆದರೆ ಬರುವ ತಿಂಗಳು ಮಗಳ ಕಾಲೇಜಿನ ಫೀ ಕಟ್ಟಬೇಕಲ್ಲ, ಕಂತಿಗೆ ಎಲ್ಲಿಂದ ತರೋಣ?” ಎಂದು ಸೊಸೆಯು ಕೇಳುತ್ತಾಳೆ. ಇಂಥ ಸಂದರ್ಭದಲ್ಲಿ ಯಜಮಾನನು ಏನು ಮಾಡಬೇಕು?

ಮೊದಲು ಯಾವ ವಸ್ತುವಿನ ಕೆಲಸ ಯಾವದೆಂಬದನ್ನು ತಿಳಿಯತಕ್ಕದ್ದು. ರೇಡಿಯೋ, ಧ್ವನಿಮುದ್ರಿಕೆ ಅಥವಾ ಕೈಯೊಳಗಿನ ಮೊಬೈಲಿನಿಂದ ಬರುವ ಕ್ಷೀಣವಾದ ವಿದ್ಯುತ್ತನ್ನು ಅದರ ರೂಪ ಕೆಡದಂತೆ ಬಲಪಡಿಸುವದಷ್ಟೇ ಆಂಪ್ಲಿಫಾಯರಿನ ಕೆಲಸ. ಆ ವಿದ್ಯುತ್ತನ್ನು ಗಾಳಿಯ ಅಲೆಯಾಗಿ ಮಾಡುವದು ಸ್ಪೀಕರು. ಮೊದಲನೆಯ ಕೆಲಸವನ್ನು ವಿಜ್ಞಾನವು ಬಹಳ ಹಿಂದೆಯೇ ಸಾಧಿಸಿತು. 1947ರಲ್ಲಿಯೇ ವಿಲಿಯಮ್‌ಸನ್ ಎಂಬವರು ಇಂಗ್ಲೆಂಡಿನ ‘ವಾಯರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 15 ವ್ಯಾಟಿನ ಆಂಪ್ಲಿಫಾಯರೊಂದರ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಧ್ವನಿಯು ವಿಕಾರವಾಗುವದು ಶೇಕಡಾ 0.1ಕ್ಕಿಂತ ಹೆಚ್ಚಿರಲಿಲ್ಲ. ಅದೇ ವರ್ಷದ ಡಿಸೆಂಬರದಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಮುಂದೆ ಅದರಿಂದ ಈ ಯಂತ್ರವು ಅಗ್ಗವೂ ಚಿಕ್ಕದೂ ಆಯಿತು. ಸ್ಪೀಕರಿನ ಮಾತು ಹಾಗಲ್ಲ. ಕಾಗದದ ಅಥವಾ ಬಟ್ಟೆಯ ಪರದೆಯನ್ನು ಅಲುಗಾಡಿಸಿ ದನಿ ಹೊರಡಿಸಬೇಕಾದ ಕಾರಣ ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ಅಂತರವು ಯಾರ ಕಿವಿಗಾದರೂ ತಿಳಿಯುವದು.

ಇನ್ನು ವ್ಯಾಟುಗಳ ವಿಷಯ. ಸಾಮಾನ್ಯ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರಿನ ದೂರದಲ್ಲಿ ಸುಮಾರು 87 ಡೆಸಿಬೆಲ್ ದನಿ ಕೊಡುವದು. ಮನೆಮಾತು ಸುಮಾರು 60 ಡೆಸಿಬೆಲ್. ಹತ್ತು ಅಡಿ ದೂರ ಕುಳಿತರೂ ಸಾಧಾರಣ ಗಾಯನಕ್ಕೆ ಒಂದೆರಡು ವ್ಯಾಟುಗಳೇ ಸಾಕಾಗುವವು. ತಾನು ಏರಿದಾಗ, ತಬಲೆಯ ಪೆಟ್ಟು ಬಿದ್ದಾಗ ಹತ್ತಿಪ್ಪತ್ತು ಪಟ್ಟು ಬೇಕಾಗಬಹುದೆಂದು ಎಣಿಸಿದರೂ 30ರಿಂದ 50 ವ್ಯಾಟು ಮನೆಗೆ ಸಮೃದ್ಧಿ. 50ನ್ನು 100 ಮಾಡಿದರೆ ದನಿಯು ಇಮ್ಮಡಿಯಾಗುವದೆಂದು ಅನೇಕರು ನಂಬಿರುವರು. ಹೆಚ್ಚುವದು ಮೂರೇ ಡೆಸಿಬೆಲ್. ಇಮ್ಮಡಿಯೆಂದು ಕಿವಿಗೆ ತೋರಬೇಕಾದರೆ ವ್ಯಾಟುಗಳು ಹತ್ತು ಪಟ್ಟಾಗಬೇಕು. ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಜಾತ್ರೆಯ ಕೂಗೆಂದು ಬಿಟ್ಟು, ‘ಆರ್‌ಎಂಎಸ್’ ಎಂದು ಕೊಟ್ಟ ಅಂಕೆಯನ್ನೇ ಕೇಳಿರಿ.

ಹಣವಿಲ್ಲದೆ ದೊರೆಯುವ ಬಲವೊಂದುಂಟು. ಕುರ್ಚಿಯನ್ನು ಹನ್ನೆರಡು ಅಡಿಯಿಂದ ಆರು ಅಡಿಗೆ ಎಳೆದರೆ, ಬಯಲಿನಲ್ಲಿ ವ್ಯಾಟುಗಳನ್ನು ನಾಲ್ಕು ಪಟ್ಟು ಮಾಡಿದಷ್ಟು ಫಲ. ಕೋಣೆಯಲ್ಲಿ ಕೊಂಚ ಕಡಿಮೆ. ಮುದುಕರಿಗಂತೂ ದೊಡ್ಡ ದನಿಗಿಂತ ಸ್ಪಷ್ಟವಾದ ದನಿ ಮುಖ್ಯ. ವಯಸ್ಸಾದಂತೆ ಬಹು ತಾರದ ನಾದಗಳು ಕಿವಿಗೆ ಕೇಳಿಸದಾಗುವದರಿಂದ, ಅಂಥ ಸೂಕ್ಷ್ಮಗಳಿಗಾಗಿ ಸುರಿದ ಹಣವು ಅವರ ಪಾಲಿಗೆ ವ್ಯರ್ಥ.

ಕೋಣೆಯನ್ನೂ ಮರೆಯಲಾಗದು. ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ದನಿಯು ಹದವಾಗಿ ನಿಲ್ಲುವದು. ಸಿಮೆಂಟಿನ ಗೋಡೆ, ನುಣುಪು ಹಾಸುಗಲ್ಲುಗಳ ಹೊಸ ಮನೆಯಲ್ಲಿ ಸ್ವರದ ಮೇಲೆ ಸ್ವರ ಬಿದ್ದು ಗದ್ದಲವಾಗುವದು. ನೆಲಕ್ಕೆ ಜಮಖಾನೆ ಹಾಸಿ, ಎದುರು ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿಯೊಂದನ್ನು ತೂಗುಹಾಕಿದರೆ, ಆಂಪ್ಲಿಫಾಯರಿಗೆ ಇನ್ನೂ ಹತ್ತು ಸಾವಿರ ಕೊಟ್ಟರೂ ಬಾರದ ಸುಧಾರಣೆಯು ಬರಬಹುದು.

ಕೊಳ್ಳುವ ಮುನ್ನ ಎರಡು ಆಂಪ್ಲಿಫಾಯರುಗಳನ್ನು ಒಂದೇ ಸ್ಪೀಕರಿಗೆ ಜೋಡಿಸಿ, ದನಿಯನ್ನು ಸರಿಸಮ ಮಾಡಿಸಿ, ಯಾವದು ನುಡಿಯುತ್ತಿದೆಯೆಂದು ಹೇಳಿಸಿಕೊಳ್ಳದೆ ಕೇಳಿರಿ. ಎಳ್ಳಷ್ಟು ದೊಡ್ಡದಾಗಿ ನುಡಿದದ್ದನ್ನೇ ಕಿವಿಯು ಉತ್ತಮವೆಂದು ಮೆಚ್ಚುವದುಂಟು. ಕಾರಣ ಈ ಎಚ್ಚರ. ಭೇದ ತಿಳಿಯದಿದ್ದರೆ ಕಡಿಮೆ ಬೆಲೆಯದೇ ನಿಮ್ಮದು. ಹೆಚ್ಚು ಹಣ ಕೊಡುವದು ನ್ಯಾಯವಾಗುವ ಸಂದರ್ಭಗಳೂ ಇವೆ: ಸ್ಪೀಕರು 4 ಓಮಿನದಾಗಿ ಹೆಚ್ಚು ವಿದ್ಯುತ್ತನ್ನು ಬೇಡುವಂಥದಿದ್ದರೆ, ಹಜಾರವು ಬಹು ದೊಡ್ಡದಿದ್ದರೆ, ಅಥವಾ ಕೆಟ್ಟಾಗ ಬೆಳಗಾವಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ದುರಸ್ತಿಯಾಗುವ ಭರವಸೆಯು ಆ ಬೆಲೆಯಲ್ಲಿ ಸೇರಿದ್ದರೆ. ರಾಮದುರ್ಗದಂಥ ದೂರದ ಊರಿನವರಿಗೆ ಈ ಕೊನೆಯ ಮಾತು ವಿಶೇಷವಾಗಿ ಸಲ್ಲುವದು.

ಈಗ ನಮ್ಮ ಯಜಮಾನನ ಲೆಕ್ಕ. ಮೊದಲು 10,000 ರೂಪಾಯಿಯನ್ನು ಮಗಳ ಫೀಗೆಂದು ಬೇರೆ ಕಟ್ಟಿಡಲಿ. ಉಳಿದ 40,000ದಲ್ಲಿ ಸ್ಪೀಕರುಗಳಿಗೆ 24,000, ಆಂಪ್ಲಿಫಾಯರಿಗೆ 12,000, ತಂತಿ, ನೆಲತಂತಿ, ಜಮಖಾನೆಗಳಿಗೆ 4,000. ಕಂತಿನ ಮಾತೇ ಬೇಡ. ಹಣವು ಇದಕ್ಕಿಂತ ಕಡಿಮೆಯಿದ್ದವರೂ ಹತ್ತು ಪಾಲಿನಲ್ಲಿ ಆರು, ಮೂರು, ಒಂದು ಎಂಬ ಈ ಅಳತೆಯನ್ನೇ ಹಿಡಿಯಬಹುದು.

ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮನಸೋತು, 1933ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಹೊರಟರು. ಕರಕರ ಸದ್ದಿನ ಆ ತಟ್ಟೆಯು ಬಾಲಕನೊಬ್ಬನ ಬಾಳನ್ನೇ ತಿರುಗಿಸಿತು. ಬೈಲಹೊಂಗಲದ ಆ ವೃದ್ಧರಿಗೂ ಬೇಕಾದದ್ದು ವ್ಯಾಟುಗಳಲ್ಲ, ಮನಸೂರರು. ಸಂಜೆ ಅವರು ಕಣ್ಣು ಮುಚ್ಚಿ ತಲೆದೂಗುವಾಗ, ಮೊಮ್ಮಗಳು ಫೀ ಕಟ್ಟಿದ ರಸೀದಿಯೊಡನೆ ಅವರ ಮಗ್ಗುಲಲ್ಲಿ ಬಂದು ಕುಳಿತರೆ, ಯಜಮಾನನು ಸರಿಯಾಗಿಯೇ ವೆಚ್ಚ ಮಾಡಿದನೆಂದು ತಿಳಿಯಬೇಕು.