ಕೊಟ್ಟದ್ದು ಎಲ್ಲಿಗೆ ಮುಟ್ಟಿತು?

ಸುಗ್ಗಿಯ ನಂತರ ರೈತನೊಬ್ಬನು ತುಮಕೂರಿನ ಸಿದ್ಧಗಂಗಾ ಮಠಕ್ಕೆ ಒಂದು ಮೂಟೆ ರಾಗಿಯನ್ನು ತಂದು ಒಪ್ಪಿಸುತ್ತಾನೆ. ಮಧ್ಯಾಹ್ನ ಪ್ರಸಾದಕ್ಕೆ ಕುಳಿತಾಗ ಅಲ್ಲಿನ ಮಕ್ಕಳು ಸಾಲುಸಾಲಾಗಿ ಕುಳಿತು ಉಣ್ಣುವುದನ್ನು ಕಣ್ಣಾರೆ ಕಾಣುತ್ತಾನೆ. ತಾನು ಸಲ್ಲಿಸಿದ್ದು ಎಲ್ಲಿಗೆ ಮುಟ್ಟಿತೆಂದು ಅವನು ಯಾರನ್ನೂ ಕೇಳಬೇಕಾಗಿಲ್ಲ.

ಆದರೆ ಇಂದು ನಮ್ಮ ಸೇವೆಯ ಬಹುಭಾಗ ಕಣ್ಣಿಗೆ ಕಾಣದಷ್ಟು ದೂರ ಸಾಗುತ್ತದೆ. ಹಣ ಕಳುಹಿಸಿದರೆ ರಸೀದಿ ಬರುತ್ತದೆ. ಅದರಿಂದ ಯಾರ ಕಷ್ಟ ನೀಗಿತೆಂಬ ಸುದ್ದಿ ಬರುವುದಿಲ್ಲ. ಈ ಕೊರತೆಯನ್ನು ಕೆಲವು ಸಂಸ್ಥೆಗಳು ನೀಗಿಸಿಕೊಂಡ ಬಗೆ ತಿಳಿಯತಕ್ಕದ್ದಾಗಿದೆ.

ರಕ್ತದಾನವನ್ನೇ ನೋಡೋಣ. ಒಬ್ಬರು ಕೊಟ್ಟ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ಬೇರೆ ಬೇರೆ ರೋಗಿಗಳಿಗೆ ನೀಡಬಹುದು. ಪ್ಲೇಟ್‌ಲೆಟ್‌ಗಳನ್ನು ಸುಮಾರು 5 ದಿನ, ಕೆಂಪುಕಣಗಳನ್ನು 42 ದಿನಗಳವರೆಗೆ ಕಾಪಿಡಲು ಸಾಧ್ಯ. ದಾನಿಗೆ ಇದಾವುದೂ ಕಾಣುವುದಿಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ರಕ್ತವು ರೋಗಿಗೆ ಬಳಕೆಯಾದಾಗ ದಾನಿಯ ಮೊಬೈಲಿಗೆ ಒಂದು ಸಣ್ಣ ಸಂದೇಶ ಬರುವ ವ್ಯವಸ್ಥೆಯನ್ನು ಮಾಡಿದರು. ಅದರಲ್ಲಿ ರೋಗಿಯ ಹೆಸರಿಲ್ಲ, ಊರಿಲ್ಲ. ನಿಮ್ಮ ರಕ್ತ ಉಪಯೋಗಕ್ಕೆ ಬಂದಿತೆಂಬ ಮಾತು ಮಾತ್ರ ಇದೆ.

ಇಂತಹ ಅರಿವು ಸೇವೆಯ ಉತ್ಸಾಹವನ್ನೂ ಹೆಚ್ಚಿಸುತ್ತದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ದೂರವಾಣಿಯ ಮೂಲಕ ನಿಧಿ ಸಂಗ್ರಹಿಸುತ್ತಿದ್ದವರ ಕುರಿತು ಆಡಂ ಗ್ರಾಂಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆ ನಿಧಿಯಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಡನೆ ಕೆಲವೇ ನಿಮಿಷ ಮಾತನಾಡಿದವರು, ಒಂದು ತಿಂಗಳ ತರುವಾಯ ಮೊದಲಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ದುಡಿಯುತ್ತಿದ್ದರು. ಪತ್ರವನ್ನಷ್ಟೇ ಓದಿದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ.

ಫಲವನ್ನು ತೋರಿಸುವವರು ಸೋಲನ್ನೂ ತೋರಿಸಬೇಕು. 2006ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ 'ಚಾರಿಟಿ: ವಾಟರ್' ಸಂಸ್ಥೆಯು ಬಡ ದೇಶಗಳಲ್ಲಿ ಕುಡಿಯುವ ನೀರನ್ನು ಒದಗಿಸುತ್ತದೆ, ತನ್ನ ಕಾಮಗಾರಿ ನಡೆದ ಸ್ಥಳವನ್ನು ಛಾಯಾಚಿತ್ರ ಮತ್ತು ನಕಾಶೆಯೊಡನೆ ದಾನಿಗಳಿಗೆ ತಿಳಿಸುತ್ತದೆ. 2010ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ಗ್ರಾಮವೊಂದರಲ್ಲಿ ಕೊಳವೆಬಾವಿ ಕೊರೆದರೂ ನೀರು ದೊರೆಯಲಿಲ್ಲ. ಸಂಸ್ಥೆಯವರು ಅದನ್ನು ಮರೆಮಾಚದೆ, ಚಿತ್ರೀಕರಿಸಿ ದಾನಿಗಳ ಮುಂದಿಟ್ಟರು. ಸೋಲನ್ನು ಒಪ್ಪಿಕೊಂಡವನ ಗೆಲುವಿನ ಮಾತಿಗೂ ಬೆಲೆ ಬರುತ್ತದೆ.

ಇಲ್ಲೊಂದು ಪ್ರಶ್ನೆ ಏಳಬಹುದು. ದಾಸೋಹದಲ್ಲಿ 'ನಾನು ಕೊಟ್ಟೆ' ಎಂಬ ಅಹಂಕಾರಕ್ಕೆ ಎಡೆಯಿಲ್ಲವೆಂದ ಮೇಲೆ, ಕೊಟ್ಟವನು ಲೆಕ್ಕ ಕೇಳುವುದು ಸರಿಯೇ? ಕೀರ್ತಿಗಾಗಿ ಕೇಳಿದರೆ ತಪ್ಪು. ಸಲ್ಲಬೇಕಾದವರಿಗೆ ಸಲ್ಲಿತೇ ಎಂದು ಕೇಳುವುದು ಕರ್ತವ್ಯ. ಕೇಳುವವರಿಲ್ಲದ ಕಡೆ ನಷ್ಟ ದಾನಿಗಿಂತ ಹೆಚ್ಚಾಗಿ ಹಸಿದವನಿಗೇ ಆಗುತ್ತದೆ.

ಆದರೆ ಲೆಕ್ಕ ಕೇಳುವ ಹಕ್ಕು ಪಡೆದವನ ಮುಖವನ್ನು ಪ್ರದರ್ಶಿಸುವ ಹಕ್ಕಾಗಬಾರದು. ನೋಟುಪುಸ್ತಕ ಪಡೆದ ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸಿ ಚಿತ್ರ ತೆಗೆಯುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಆ ಚಿತ್ರದಲ್ಲಿ ಪುಸ್ತಕ ಕೊಟ್ಟವರ ನಗೆ ಕಾಣುತ್ತದೆ. ತಲೆ ತಗ್ಗಿಸಿದ ಮಗುವಿನ ಮನಸ್ಸು ಕಾಣುವುದಿಲ್ಲ. ನಾಳೆ ಶಾಲೆಯಲ್ಲಿ ಸಹಪಾಠಿಗಳ ನಡುವೆ ಕೂರಬೇಕಾದುದು ಆ ಮಗುವೇ. ಹೆಸರು, ಮುಖಗಳಿಲ್ಲದೆ ಕೆಲಸದ ಫಲವನ್ನು ತಿಳಿಸಲು ಸಾಧ್ಯವೆಂಬುದಕ್ಕೆ ಸ್ಟಾಕ್‌ಹೋಮಿನ ಆ ಪುಟ್ಟ ಸಂದೇಶವೇ ಸಾಕ್ಷಿ.

ನಮ್ಮ ಊರುಗಳ ಸೇವಾ ಸಂಘಗಳೂ ಇದನ್ನು ಅನುಸರಿಸಬಹುದು. ವರ್ಷಕ್ಕೊಮ್ಮೆ ಒಂದು ಹಾಳೆಯಲ್ಲಿ ಎಷ್ಟು ಬಂತು, ಯಾವುದಕ್ಕೆ ವೆಚ್ಚವಾಯಿತು, ಯಾವ ಕೆಲಸ ಕೈಗೂಡಲಿಲ್ಲ ಎಂಬುದನ್ನು ಬರೆದು ಮನೆಮನೆಗೆ ತಲುಪಿಸಿದರೆ ಸಾಕು. ಸಾಧ್ಯವಾದರೆ ದಾನಿಗಳನ್ನು ಒಂದು ದಿನ ಕೆಲಸಕ್ಕೇ ಕರೆಯಲಿ. ಬಡಿಸಿದವನು ತಾನೂ ಅದೇ ಪಂಕ್ತಿಯಲ್ಲಿ ಕುಳಿತು ಉಂಡಾಗ, ಕೊಟ್ಟವರು ಯಾರು, ಪಡೆದವರು ಯಾರು ಎಂಬ ಭೇದವೇ ಅಳಿಯುತ್ತದೆ.