ಅಂಗಡಿ ಕಲ್ಲಿಯಿಂದ ಎದ್ದು ಇಫ್ಫಿಗೆ: ವಾಸ್ಕೋದ ಒಬ್ಬ ತಾಯಿ ಕಂಡ ಚಿತ್ರೋತ್ಸವ

ನವೆಂಬರ್ ತಿಂಗಳು ಮುಗಿಯಲು ಬಂತೆಂದರೆ ಪಣಜಿಯಲ್ಲಿ ಮಾಂಡವಿ ದಂಡೆಯ ರಸ್ತೆ ದೀಪಗಳಿಂದ ತುಂಬುತ್ತದೆ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುವ ದಿನಗಳವು. ಇಲ್ಲಿಯ ಜನರ ಬಾಯಲ್ಲಿ ಅದು ಬರೀ ‘ಇಫ್ಫಿ’. 1952ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಉತ್ಸವ ಊರೂರು ಸುತ್ತಿತು. 1992ರಲ್ಲಿ ಬೆಂಗಳೂರಿಗೂ ಬಂದು ಹೋಯಿತು. 2004ರಲ್ಲಿ ಗೋವೆಗೆ ಬಂದದ್ದು ಇಲ್ಲೇ ಬೇರು ಬಿಟ್ಟಿತು.

ಗೋವೆಯ ಕನ್ನಡಿಗರಿಗೆ 2004 ಇನ್ನೊಂದು ಕಾರಣಕ್ಕೂ ನೆನಪಿದೆ. ಅದೇ ವರ್ಷದ ಮಳೆಗಾಲದಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳು ನೆಲಕ್ಕುರುಳಿದವು. ಮನೆ ಕಳಕೊಂಡವರಲ್ಲಿ ನಮ್ಮ ಕಡೆಯವರು ಬಹಳ ಜನ. ಹೀಗಾಗಿ ಇಫ್ಫಿ ಎಂದರೆ ನಮ್ಮ ಓಣಿಯಲ್ಲಿ ‘ದೊಡ್ಡವರ ಜಾತ್ರೆ’. ಅಲ್ಲಿ ಚಪ್ಪರ ಹಾಕಲು, ಗುಡಿಸಲು, ಮೂಟೆ ಹೊರಲು ನಮ್ಮವರು ಹೋಗುತ್ತಾರೆ. ಕುರ್ಚಿಯಲ್ಲಿ ಕೂತು ನೋಡಲು ಹೋದವರು ಕಡಿಮೆ. 2022ರಲ್ಲಿ ನಾನು ಹಾಗೆ ಕೂತು ನೋಡಿ ಬಂದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪಾಸು ಮಾಡಿಸಿದವಳು ಮಗಳು

ನಮ್ಮದು ಝುವಾರಿ ನಗರದಲ್ಲಿ ಕಿರಾಣಿ ಅಂಗಡಿ. ಮಾವನವರು ಬಾದಾಮಿ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಕೊಂಕಣಿಯಲ್ಲಿ ಗಿರಾಕಿ ಮಾತಾಡಿಸಿ, ಹಿಂದಿಯಲ್ಲಿ ಚೌಕಾಶಿ ಮಾಡಿ, ಕನ್ನಡದಲ್ಲಿ ಲೆಕ್ಕ ಬರೆಯುವ ಸಂಸಾರ ನಮ್ಮದು. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಏಳಕ್ಕೆ ಅಂಗಡಿ ತೆಗೆದರೆ ರಾತ್ರಿ ಹತ್ತರವರೆಗೆ ನಿಂತ ಕಾಲು ಕೂಡುವುದಿಲ್ಲ. ಥಿಯೇಟರಿಗೆ ಹೋಗಿ ಎಷ್ಟು ವರ್ಷವಾಗಿತ್ತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮಗಳಿಗೆ ಹದಿನೆಂಟು ತುಂಬಿ ಕಾಲೇಜು ಸೇರಿದ್ದಳು. ಅವಳೇ ಮೊಬೈಲಿನಲ್ಲಿ ನನ್ನ ಆಧಾರ್ ಕಾರ್ಡು, ಫೋಟೋ ಹಾಕಿ, ದುಡ್ಡು ಕಟ್ಟಿ ಇಬ್ಬರ ಹೆಸರೂ ನೋಂದಾಯಿಸಿದಳು. ಅತ್ತೆ ಕೇಳಿದರು: “ಸಿನಿಮಾ ನೋಡಾಕ ಪಣಜಿ ತನಕ ಯಾಕವ್ವಾ? ಮನ್ಯಾಗ ಟಿ.ವಿ. ಐತಲ್ಲ.” ಮನೆಯವರು ಮಾತ್ರ, “ಹೋಗಿ ಬಾ, ಅಂಗಡಿ ನಾ ನೋಡ್ಕೊಂತೀನಿ. ಉದ್ರಿ ವಹಿ ಎಲ್ಲಿಟ್ಟಿ, ಅದಷ್ಟು ಹೇಳಿ ಹೋಗು” ಅಂದರು.

ವಾಸ್ಕೋದಿಂದ ಪಣಜಿ ಸುಮಾರು ಮೂವತ್ತು ಕಿಲೋಮೀಟರ್. ಆಗಿನ್ನೂ ಹೊಸ ಝುವಾರಿ ಸೇತುವೆ ತೆರೆದಿರಲಿಲ್ಲ. ಅದರ ಮೊದಲ ಬದಿ ತೆರೆದದ್ದು ಆ ಡಿಸೆಂಬರ್ ಕೊನೆಗೆ. ಹಳೆ ಸೇತುವೆಯ ಮೇಲೆ ಕದಂಬ ಬಸ್ಸು ಇರುವೆಯಂತೆ ಹರಿಯುತ್ತಿತ್ತು. ನನ್ನ ತಲೆಯಲ್ಲಿ ಅಂಗಡಿಯದೇ ಲೆಕ್ಕ. ಅರ್ಧ ದಿನ ನಾನಿಲ್ಲದಿದ್ದರೆ ಎಷ್ಟು ಹೋಗುತ್ತದೆ, ಒಂಬತ್ತನೇ ಇಯತ್ತೆಯ ಮಗ ಊಟ ಮಾಡಿದನೋ ಇಲ್ಲವೋ.

ಒಳಗೆ ಹೋಗುವುದು ಹೇಗೆ?

ಮುಖ್ಯ ಪ್ರದರ್ಶನಗಳು ನಡೆಯುವ ಐನಾಕ್ಸ್ ಥಿಯೇಟರು ಇರುವುದು ಹಿಂದೆ ವೈದ್ಯಕೀಯ ಕಾಲೇಜಿದ್ದ ಆವರಣದಲ್ಲಿ. ಪಾಸು ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಯಾವ ಚಿತ್ರ ನೋಡಬೇಕೋ ಅದಕ್ಕೆ ಮೊದಲೇ ಮೊಬೈಲಿನಲ್ಲಿ ಸೀಟು ಕಾಯ್ದಿರಿಸಬೇಕು. ಸಿಗದಿದ್ದರೆ ಬೇರೆ ಸಾಲಿನಲ್ಲಿ ನಿಲ್ಲಬೇಕು. ಕಾಯ್ದಿರಿಸಿದವರು ಬಾರದೆ ಉಳಿದ ಕುರ್ಚಿಗಳಿಗೆ ಆ ಸಾಲಿನವರನ್ನು ಬಿಡುತ್ತಾರೆ. ರೇಷನ್ ಅಂಗಡಿಯ ಪಾಳಿ ನೋಡಿದವರಿಗೆ ಇದೇನೂ ಹೊಸದಲ್ಲ.

ಆ ವರ್ಷ 79 ದೇಶಗಳ 280 ಚಿತ್ರಗಳು ಬಂದಿದ್ದವು. ನಮ್ಮ ದೇಶದ ಆಯ್ದ ಚಿತ್ರಗಳ ವಿಭಾಗಕ್ಕೆ ‘ಇಂಡಿಯನ್ ಪನೋರಮಾ’ ಎಂದು ಹೆಸರು. ಅದರಲ್ಲಿ 25 ಕಥಾಚಿತ್ರಗಳಿದ್ದವು. ಎಲ್ಲ ಭಾಷೆಗಳನ್ನು ದಾಟಿ ಆ ವಿಭಾಗದ ಉದ್ಘಾಟನಾ ಚಿತ್ರವಾಗಿ ಆಯ್ಕೆಯಾದದ್ದು ಒಂದು ಕನ್ನಡ ಚಿತ್ರ: ಪೃಥ್ವಿ ಕೊಣನೂರು ನಿರ್ದೇಶಿಸಿದ ‘ಹದಿನೇಳೆಂಟು’. ನಮ್ಮನ್ನು ಎಳೆದುಕೊಂಡು ಹೋದದ್ದು ಆ ಹೆಸರೇ.

ಹದಿನೇಳು, ಹದಿನೆಂಟರ ಮಕ್ಕಳು

ಕತೆ ದೂರದ್ದಲ್ಲ. ಕಾಲೇಜಿನಲ್ಲಿ ಓದುವ ದೀಪಾ, ಹರಿ ಎಂಬ ಹುಡುಗಿ ಹುಡುಗ ತರಗತಿಯಲ್ಲಿ ಇಬ್ಬರೇ ಇದ್ದಾಗ ತಮ್ಮ ಖಾಸಗಿ ಕ್ಷಣವನ್ನು ಫೋನಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ. ಅದು ಅವರ ಕೈ ಜಾರಿ ಜಗತ್ತಿಗೆಲ್ಲ ಹರಿದಾಡುತ್ತದೆ. ಮುಂದೆ ಕಾಲೇಜಿನ ವಿಚಾರಣೆ, ಅಪ್ಪ ಅಮ್ಮನ ಓಡಾಟ, ಕಾನೂನಿನ ಮಾತು. ವಿಚಾರಣೆ ನಡೆಯುತ್ತ ಹೋದಂತೆ ಜಾತಿ ಮತ್ತು ರೊಕ್ಕ ಎರಡೂ ಬಂದು ಕೂಡುತ್ತವೆ. ಇಬ್ಬರೂ ಕೂಡಿ ಮಾಡಿದ್ದಕ್ಕೆ ಇಬ್ಬರೂ ಒಂದೇ ಬೆಲೆ ತೆರುವುದಿಲ್ಲ. ಹಾಡಿಲ್ಲ, ಹೊಡೆದಾಟವಿಲ್ಲ. ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟಂತೆ ಆಗುತ್ತದೆ.

ನನ್ನ ಪಕ್ಕದಲ್ಲಿ ನನ್ನ ಮಗಳೇ ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ನನ್ನ ಮುಖ ನೋಡಲು ಅವಳಿಗೂ ಬರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಗೋವೆಯ ಬಸ್ಸಿನಲ್ಲಿ, ಬಾಜಾರದಲ್ಲಿ ಕನ್ನಡ ಜೋರಾಗಿ ಮಾತಾಡಿದರೆ ‘ಘಾಂಟಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಘಟ್ಟದ ಮೇಲಿನವರು ಎಂದಷ್ಟೇ ಅರ್ಥವಾದರೂ ಅದರಲ್ಲಿ ಮುಳ್ಳಿದೆ. ಆ ಥಿಯೇಟರಿನಲ್ಲಿ ಎಲ್ಲೆಲ್ಲಿಂದಲೋ ಬಂದವರು ಕೆಳಗಿನ ಇಂಗ್ಲಿಷ್ ಸಾಲು ಓದಿಕೊಂಡು ಕನ್ನಡದ ಚಿತ್ರ ನೋಡುತ್ತಿದ್ದರು. ಸಾಲು ಬರುವ ಮೊದಲೇ ಮಾತು ತಿಳಿಯುತ್ತಿದ್ದದ್ದು ನಮ್ಮಂಥ ಕೆಲವರಿಗೆ ಮಾತ್ರ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೊರ್ಟಾಲಿಂ ದಾಟುವವರೆಗೆ ಮಗಳು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: “ಯವ್ವಾ, ಆ ಹುಡುಗಿ ನಾನ ಆಗಿದ್ರ ನೀ ಏನ್ ಮಾಡ್ತಿದ್ದಿ?”

ಇಂಥ ಪ್ರಶ್ನೆ ನಮ್ಮ ಅಡಿಗೆ ಮನೆಯಲ್ಲಿ ಎಂದೂ ಬಂದಿರಲಿಲ್ಲ, ಬರುವಷ್ಟು ಪುರಸೊತ್ತೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮೊದಲ ನಿನ್ನ ಬಾಜೂಕ ಬಂದು ಕುಂಡ್ರತಿದ್ದೆ. ಬೈಯೂದೆಲ್ಲ ಆಮ್ಯಾಲೆ” ಅಂದೆ. ಅವಳು ನಕ್ಕಳು. ತನ್ನ ವಾರಿಗೆಯ ಹುಡುಗಿಯರು ಫೋನಿನ ಕಾಟದಿಂದ ಪಡುವ ಪಾಡನ್ನು ಅಂದೇ ಮೊದಲ ಸಲ ನನ್ನ ಮುಂದೆ ಬಿಚ್ಚಿ ಹೇಳಿದಳು.

ಕೋಸ್ಟರಿಕಾದ ಅವ್ವ

ಮತ್ತೊಂದು ದಿನ ನೋಡಿದ್ದು ಸ್ಪ್ಯಾನಿಷ್ ಭಾಷೆಯದು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಕತೆ, ನಿರ್ದೇಶಕಿ ವಲೆಂಟಿನಾ ಮೌರೆಲ್. ‘ಐ ಹ್ಯಾವ್ ಎಲೆಕ್ಟ್ರಿಕ್ ಡ್ರೀಮ್ಸ್’ ಎಂಬುದು ಇಂಗ್ಲಿಷ್ ಹೆಸರು. ಹದಿನಾರರ ಹುಡುಗಿ ಈವಾ, ಅಮ್ಮ, ತಂಗಿ, ಒಂದು ಬೆಕ್ಕು. ಅಪ್ಪ ಅಮ್ಮ ಬೇರೆಯಾದ ಮೇಲೆ ಆ ಬೆಕ್ಕು ಕಂಡಲ್ಲೆಲ್ಲ ಉಚ್ಚೆ ಹೊಯ್ಯುತ್ತದೆ. ಮನೆ ದುರಸ್ತಿ ಮಾಡಿಸಿ ಬೆಕ್ಕನ್ನು ಸಾಗಹಾಕಬೇಕೆಂದು ಅಮ್ಮ, ಸಿಟ್ಟಿನ ಅಪ್ಪನ ಜೊತೆ ಹೋಗಿ ಇರಬೇಕೆಂದು ಮಗಳು. ಇಂಗ್ಲಿಷ್ ಸಾಲುಗಳನ್ನು ಪೂರ್ತಿ ಓದುವಷ್ಟು ವೇಗ ನನಗಿಲ್ಲ. ಆದರೂ ಮನೆ ಎತ್ತಿ ಹಿಡಿಯಲು ಒದ್ದಾಡುವ ಆ ತಾಯಿಯ ದಣಿವು ಓದದೆಯೇ ತಿಳಿಯಿತು. ಮಗಳಿಗೆ ಈವಾಳ ಕಡೆ ನ್ಯಾಯ ಕಂಡಿತು, ನನಗೆ ತಾಯಿಯ ಕಡೆ. ಬಸ್ ಸ್ಟ್ಯಾಂಡಿನವರೆಗೂ ವಾದ ಮಾಡಿದೆವು.

ಉತ್ಸವ ಮುಗಿದ ದಿನ ಆ ಚಿತ್ರಕ್ಕೇ ‘ಗೋಲ್ಡನ್ ಪೀಕಾಕ್’ ಬಂತು. 40 ಲಕ್ಷ ರೂಪಾಯಿಯ ದೊಡ್ಡ ಪ್ರಶಸ್ತಿ ಅದು. ಈವಾಳಾಗಿ ನಟಿಸಿದ ಡೇನಿಯೆಲಾ ಮರೀನ್ ನವಾರೋಗೆ ಅತ್ಯುತ್ತಮ ನಟಿ ಪ್ರಶಸ್ತಿ. ಅಂಗಡಿಯಲ್ಲಿ ಸಕ್ಕರೆ ತೂಗುತ್ತ ಈ ಸುದ್ದಿ ಕೇಳಿದಾಗ, ನಮ್ಮ ಊರಿನ ಹುಡುಗಿಯೇ ಗೆದ್ದಂತೆ ಖುಷಿಯಾಯಿತು.

ಹೋಗುವವರಿಗೆ ನಾಲ್ಕು ಮಾತು

ನೋಂದಣಿ ಉತ್ಸವಕ್ಕೆ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಕೊನೆಯ ದಿನದವರೆಗೆ ಕಾಯಬೇಡಿ. ಗುರುತಿನ ಚೀಟಿ ಮರೆಯಬೇಡಿ. ಬುತ್ತಿಯನ್ನು ಥಿಯೇಟರಿನ ಒಳಗೆ ಬಿಡುವುದಿಲ್ಲ, ಹೊರಗೇ ಉಂಡು ಹೋಗಿ. ಮಾಂಡವಿಯ ದಂಡೆಯಲ್ಲಿ ಕೂರಲು ಬೇಕಷ್ಟು ಜಾಗವಿದೆ. ದಿನಕ್ಕೆ ಎರಡು ಚಿತ್ರ ಸಾಕು, ಮೂರನೆಯದಕ್ಕೆ ಕಣ್ಣು ಮುಚ್ಚುತ್ತವೆ. ಕಾಸರಗೋಡಿನವರಿಗೆ ಡಿಸೆಂಬರಿನಲ್ಲಿ ತಿರುವನಂತಪುರದ ಕೇರಳ ಚಿತ್ರೋತ್ಸವವಿದೆ. ಹೊಸೂರು, ಮಡಕಶಿರಾದವರಿಗೆ ಬೆಂಗಳೂರಿನ ಉತ್ಸವ ಹತ್ತಿರ.

ಖರ್ಚಿನ ಮಾತು ವ್ಯಾಪಾರಸ್ಥರು ಕೇಳಿಯೇ ಕೇಳುತ್ತಾರೆ. ಪಾಸು, ಬಸ್ಸು, ಚಹಾ ಸೇರಿ ನಮಗಾದದ್ದು ಒಂದು ಸಾಧಾರಣ ಸೀರೆಯ ಬೆಲೆ. ಎರಡು ದಿನದಲ್ಲಿ ಅಂಗಡಿಯೂ ಮುಳುಗಲಿಲ್ಲ. ಉದ್ರಿ ವಹಿಯಲ್ಲಿ ಮನೆಯವರು ಎರಡು ಹೆಸರು ಅದಲು ಬದಲು ಬರೆದಿದ್ದರು, ಅಷ್ಟೇ. ಮುಂದಿನ ವರ್ಷ ಪಾಸಿನ ಮಾತು ಬಂದಾಗ ಅತ್ತೆಯೇ ಕೇಳಿದರು: “ನನ್ನ ವಯಸ್ಸಿನವ್ರನ್ನ ಒಳಗ ಬಿಡ್ತಾರೇನು?”