ಗುಡಿಯ ಗೋಪುರ, ಸೀರೆಯ ಅಂಚು

ಹಿರೇಗುಂಟನೂರಿನ ಕಡೆಯಿಂದ ಬರಲಿ, ಹಿರಿಯೂರಿನ ಕಡೆಯಿಂದ ಬರಲಿ, ಚಿತ್ರದುರ್ಗವನ್ನು ಸಮೀಪಿಸುವ ಪ್ರವಾಸಿಗೆ ಮೊದಲು ಎದುರಾಗುವುದು ಊರಲ್ಲ, ಬಂಡೆ. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತಿರುವ ಆ ಹೆಬ್ಬಂಡೆಗಳ ಹಿಂದೆ ಈಗ ಜೋಗಿಮಟ್ಟಿಯ ಗಿರಿಸಾಲಿನಲ್ಲಿ ಗಾಳಿಯಂತ್ರಗಳೂ ತಿರುಗುತ್ತಿರುತ್ತವೆ. ಬಹುಮಂದಿ ಪ್ರವಾಸಿಗರ ದುರ್ಗಯಾತ್ರೆ ಒನಕೆ ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ, ಭಾವಚಿತ್ರ ತೆಗೆಸಿಕೊಂಡು, ಮಧ್ಯಾಹ್ನದ ಊಟದ ವೇಳೆಗೆ ಹಂಪೆಯ ಹಾದಿ ಹಿಡಿಯುವುದರಲ್ಲಿ ಮುಗಿದುಹೋಗುತ್ತದೆ. ಅಷ್ಟಕ್ಕೇ ತೃಪ್ತರಾಗುವವರು ಅರ್ಧ ದುರ್ಗವನ್ನೂ ಕಂಡವರಲ್ಲ.

ಏಳು ಸುತ್ತಿನ ಈ ಕೋಟೆ ಕೇವಲ ಯುದ್ಧದ ನೆಲೆಯಾಗಿರಲಿಲ್ಲ. ಅದೊಂದು ದೇವಾಲಯಗಳ ಊರೂ ಆಗಿತ್ತು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಫಲ್ಗುಣೇಶ್ವರ, ಗೋಪಾಲಕೃಷ್ಣ – ಹೀಗೆ ಬಂಡೆ ಬಂಡೆಯ ಮಗ್ಗುಲಲ್ಲೂ ಒಂದೊಂದು ಗುಡಿ. ನಾಯಕರ ಪಟ್ಟಾಭಿಷೇಕ ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯಲ್ಲಿ ನಡೆಯುತ್ತಿತ್ತೆಂದು ಪ್ರತೀತಿ. ಮುಗಿಲಿಗೆ ಮುಖವೆತ್ತಿ ನಿಂತ ಕಲ್ಲಿನ ದೀಪಸ್ತಂಭವನ್ನೂ ಉಯ್ಯಾಲೆಗಂಬವನ್ನೂ ಕಂಡಾಗ ಆ ದಿನಗಳ ವೈಭವವನ್ನು ಊಹಿಸುವುದು ಕಷ್ಟವಲ್ಲ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನದೆಂದು ಹೇಳುವ ಹಲ್ಲೊಂದಿದೆ. ಮಕ್ಕಳು ಅದನ್ನು ನಂಬುತ್ತಾರೆ, ಹಿರಿಯರು ನಂಬಿದಂತೆ ನಟಿಸುತ್ತಾರೆ.

ಮಳೆ ಅಪರೂಪವಾದ ಈ ನಾಡಿನಲ್ಲಿ ಬಂಡೆಯ ಮೇಲೆ ಬಿದ್ದ ನೀರನ್ನು ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದು, ಅಲ್ಲಿ ತುಂಬಿ ಹೆಚ್ಚಾದುದನ್ನು ಅಕ್ಕ–ತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಊರಿಗೂ ಇಳಿಸಿದ ಜಾಣ್ಮೆ ಎಲ್ಲಕ್ಕಿಂತ ದೊಡ್ಡದು. 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಸೇರಿತು. ಮದಕರಿ ನಾಯಕನು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದನು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರಿಗೆ ಆ ಕಥೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. 1972ರ ‘ನಾಗರಹಾವು’ ಚಿತ್ರವನ್ನು ಕಂಡವರಿಗೆ ಈ ಬಂಡೆಗಳ ಪರಿಚಯವೂ ಬೇಕಾಗಿಲ್ಲ.

ದುರ್ಗದಿಂದ ಈಶಾನ್ಯಕ್ಕೆ ಹೊರಟರೆ ನೆಲ ಒಣಗುತ್ತದೆ, ಕುರಿಮಂದೆ ಹೆಚ್ಚುತ್ತದೆ. ಚಳ್ಳಕೆರೆ ಕಂಬಳಿಯ ಊರು. ಕುರಿಯ ಉಣ್ಣೆಯನ್ನು ಹೆಂಗಸರು ನೂತು, ಹುಣಸೆಬೀಜದ ಸರಿಯಲ್ಲಿ ಅದ್ದಿ ಬಿಗಿಗೊಳಿಸಿದ ನೂಲಿನಿಂದ ನೇಯುವ ಕರಿಯ ಕಂಬಳಿ ಮಳೆಗೂ ಚಳಿಗೂ ಒಂದೇ ಹೊದಿಕೆ. ಮೈಗೆ ಚುಚ್ಚುವುದೆಂದು ಪಟ್ಟಣದವರು ಮೂಗು ಮುರಿಯುವುದುಂಟು. ಹೊಲದಲ್ಲಿ ರಾತ್ರಿ ಕಾವಲು ಕಾಯುವವನು ಹಾಗೆನ್ನುವುದಿಲ್ಲ.

ಇನ್ನೂ ಮುಂದೆ, ಆಂಧ್ರದ ಗಡಿಗೆ ಆತುಕೊಂಡಂತೆ ಮೊಳಕಾಲ್ಮೂರು ಸೀಮೆ. ಅಲ್ಲಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ; 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರು ಹೇಳಿಕೊಂಡಿದ್ದಾನೆ. ಲಿಪಿಕಾರನೆಂಬ ತನ್ನ ಕಸುಬಿನ ಮಾತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಕುಶಲಕರ್ಮಿಯೊಬ್ಬನ ಹೆಸರು ಹೀಗೆ ಉಳಿದಿದೆ. ಅದೇ ಸೀಮೆಯಲ್ಲಿ ಇಂದು ರೇಷ್ಮೆ ಸೀರೆ ನೇಯುವವನ ಹೆಸರು ಸೀರೆಯನ್ನುಟ್ಟವಳಿಗೂ ತಿಳಿದಿರುವುದಿಲ್ಲ.

ಮೊಳಕಾಲ್ಮೂರು ಸೀರೆಯ ಚೆಲುವು ಅದರ ಅಂಚಿನಲ್ಲಿದೆ. ಗುಡಿಯ ಗೋಪುರಗಳ ಸಾಲೊಂದು ಒಡಲಿನೊಳಕ್ಕೆ ಚಾಚಿದಂತೆ ತೋರುವ ಈ ಅಂಚನ್ನು ನೇಯುವುದು ಮೂರು ಲಾಳಿಗಳ ಕೆಲಸ. ಸಾಮಾನ್ಯ ಸೀರೆಯಲ್ಲಿ ಒಂದೇ ಹೊಕ್ಕಿನ ಎಳೆ ಅಂಚಿನಿಂದ ಅಂಚಿಗೆ ಓಡುವುದರಿಂದ ಒಡಲಿನ ಬಣ್ಣ ಅಂಚಿನಲ್ಲೂ ಬೆರೆಯುತ್ತದೆ. ‘ಕುಟ್ಟು’ ಎಂದು ಕರೆಯುವ ಈ ನೇಯ್ಗೆಯಲ್ಲಾದರೋ ಎರಡು ಅಂಚುಗಳಿಗೆ ಎರಡು ಲಾಳಿ, ಒಡಲಿಗೆ ಇನ್ನೊಂದು. ಎಳೆಗಳು ಸಂಧಿಸಿದಲ್ಲೆಲ್ಲ ಒಂದನ್ನೊಂದು ಕೊಂಡಿಯಂತೆ ತೊಡರಬೇಕು. ಅಂಚಿನ ಎಳೆ ಸಾಲುಸಾಲಿಗೂ ಸ್ವಲ್ಪ ಸ್ವಲ್ಪ ಒಳಸರಿದು, ಶಿಖರ ಮುಟ್ಟಿದೊಡನೆ ಮತ್ತೆ ಹಿಂದಕ್ಕೆ ಬಂದರೆ ಒಂದು ಗೋಪುರವಾಯಿತು. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ. ಈ ಕೊಂಡಿಯೇ ಸಡಿಲವಾದರೆ ಅಂಚು ಒಡಲಿನಿಂದ ಬಿಡುತ್ತದೆ.

ಇದೆಲ್ಲವೂ ಒಬ್ಬನಿಂದಾಗುವುದಿಲ್ಲ. ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಆ ತುದಿಯ ಲಾಳಿಯನ್ನು ಕೊಡುತ್ತ ತೆಗೆದುಕೊಳ್ಳುತ್ತ ಇರಬೇಕು. ಹಿಂದೆ ಆ ಸ್ಥಾನದಲ್ಲಿ ಮನೆಯ ಮಗನೋ ಮಗಳೋ ಕುಳಿತಿರುತ್ತಿದ್ದರು. ಮಕ್ಕಳು ಶಾಲೆಗೆ ಹೋಗುವಂತಾದುದು ಒಳ್ಳೆಯದೇ. ಆದರೆ ಖಾಲಿಯಾದ ಆ ಜಾಗಕ್ಕೆ ಕೂಲಿಯವನನ್ನು ತಂದರೆ ಒಂದು ಸೀರೆಯ ಮಜೂರಿ ಇಬ್ಬರಿಗೆ ಹಂಚಿಹೋಗುತ್ತದೆ. ಅತ್ತ ವಿದ್ಯುತ್ ಮಗ್ಗ ನೋಟಕ್ಕೆ ಹೆಚ್ಚು ಕಡಿಮೆ ಹಾಗೆಯೇ ಇರುವ ಸೀರೆಯನ್ನು ಅಗ್ಗದಲ್ಲಿ ಉದುರಿಸುತ್ತದೆ. ಸೀರೆಯೇ ಮೊದಲಾದ ಹಲವು ವಸ್ತುಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟ ಕಾನೂನು 1985ರಲ್ಲಿ ಬಂದಿತು. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಅಂಗಡಿಯ ದೀಪದ ಬೆಳಕಿನಲ್ಲಿ ಸೀರೆ ಬಿಚ್ಚಿ ತೋರಿಸುವಾಗ ಕಾನೂನನ್ನು ನೆನೆಯುವವರು ಯಾರು?

ಆದ್ದರಿಂದ ಕೊಳ್ಳುವ ಗೃಹಿಣಿಯರೇ ಸ್ವಲ್ಪ ಪರೀಕ್ಷಕರಾಗಬೇಕಾಗಿದೆ. ‘ಸಿಲ್ಕ್ ಮಾರ್ಕ್’ ಚೀಟಿ ಅದು ಅಪ್ಪಟ ರೇಷ್ಮೆಯೆಂದು ಹೇಳುತ್ತದೆಯೇ ಹೊರತು ಕೈಯಲ್ಲಿ ನೇಯ್ದುದೆಂದು ಹೇಳುವುದಿಲ್ಲ. ಅದಕ್ಕೆ 2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಬೇರೆಯೇ ಇದೆ. ಎರಡೂ ಇಲ್ಲದಿದ್ದರೆ ಸೀರೆಯನ್ನು ತಿರುವಿ ಹಾಕಿ ನೋಡಬೇಕು. ಅಂಚೂ ಒಡಲೂ ಕೂಡುವ ಗೆರೆಯಲ್ಲಿ ಎಳೆಗಳು ತೊಡರಿರುವುದು ಬೆರಳಿಗೆ ತಿಳಿಯುತ್ತದೆ; ಅಂಚಿನ ಬಣ್ಣದಲ್ಲಿ ಒಡಲಿನ ಬಣ್ಣದ ಸುಳಿವಿರುವುದಿಲ್ಲ.

ಅದಕ್ಕಿಂತ ಉತ್ತಮವೆಂದರೆ, ದುರ್ಗ ನೋಡಲು ಬಂದವರು ಇನ್ನೊಂದು ದಿನವನ್ನು ಕೈಯಲ್ಲಿಟ್ಟುಕೊಂಡು ಮೊಳಕಾಲ್ಮೂರಿನವರೆಗೂ ಹೋಗಿಬರುವುದು. ನೇಕಾರರ ಬೀದಿಯಲ್ಲಿ ಹೆಂಗಸರು ಕಂಡಿಕೆ ಸುತ್ತುವ ರಾಟೆಯ ಸದ್ದು ಹೊರಗೇ ಕೇಳುತ್ತದೆ. ಹಾಸು ಮುಗಿದ ದಿನ ಹೋದವರಿಗೆ ಮಗ್ಗದ ಮೇಲೆ ಸೀರೆ ಕಾಣಸಿಗದು. ಅದರ ಬದಲು, ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಜೋಡಿಸುವುದನ್ನು ಕಾಣಬಹುದು. ಬೆಳಿಗ್ಗೆ ಕುಳಿತವರು ಮಧ್ಯಾಹ್ನವಾದರೂ ತಲೆಯೆತ್ತಿರುವುದಿಲ್ಲ.